ಓಡುವ ಎದೆಯ ಜಾಡು ಹಿಡಿದವರು

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಮೂರು ದಶಕಗಳಲ್ಲಿ ನಾನು ಕರಿಹಲಗೆಯ ಮೇಲೆ ಹೃದಯದ ಚಿತ್ರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಕೆಂಪು ಸೀಮೆಸುಣ್ಣದಲ್ಲಿ ಶುದ್ಧ ರಕ್ತ, ನೀಲಿಯಲ್ಲಿ ಮಲಿನ ರಕ್ತ. ಮಕ್ಕಳು ಅದನ್ನು ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಂಡು ಪರೀಕ್ಷೆಯಲ್ಲಿ ಅಂಕ ಪಡೆಯುತ್ತಿದ್ದರು. ಆ ಚಿತ್ರದಲ್ಲಿ ಒಂದು ಮುಖ್ಯ ಸಂಗತಿಯೇ ಬಿಟ್ಟುಹೋಗಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ತಿಳಿಸಿದವಳು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿನಿ.

1986ರ ಮಾತು. ನಾನಾಗ ಹೊಸನಗರ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಹಳ್ಳ ದಾಟಿ, ಸಂಕ ದಾಟಿ, ದಿನವೂ ಒಂದು ಗಂಟೆ ನಡೆದು ಶಾಲೆಗೆ ಬರುತ್ತಿದ್ದಳು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಡ್ರಿಲ್ ಮಾಡುತ್ತಿರುವಾಗಲೇ ಮೈದಾನದಲ್ಲಿ ಥಟ್ಟನೆ ಕುಳಿತುಬಿಡುವಳು. “ಎದೆ ಓಡ್ತದೆ ಸಾರ್” ಎನ್ನುವಳು. ಅರ್ಧ ಗಂಟೆ ಕಳೆದರೆ ಏನೂ ಆಗಿಯೇ ಇಲ್ಲವೆಂಬಂತೆ ಗೆಳತಿಯರೊಡನೆ ನಗುತ್ತಿರುವಳು. ಒಂದು ದಿನ ನಾನು ಇಡೀ ತರಗತಿಯ ಎದುರಿಗೆ, “ಇದು ಡ್ರಿಲ್ ಪೀರಿಯಡ್ಡಿಗೆ ಮಾತ್ರ ಬರುವ ಕಾಯಿಲೆ” ಎಂದೆ. ಮಕ್ಕಳು ನಕ್ಕರು. ಆಮೇಲೆ ಆಕೆ ತನ್ನ ಎದೆಬಡಿತದ ಸುದ್ದಿಯನ್ನು ನನ್ನ ಬಳಿ ಎತ್ತಲೇ ಇಲ್ಲ. ಕಾಯಿಲೆ ವಾಸಿಯಾಯಿತೆಂದೇ ನಾನು ತಿಳಿದೆ.

ಆಕೆಯ ತಂದೆ ಎರಡು ಸಲ ಮಗಳನ್ನು ಶಿವಮೊಗ್ಗಕ್ಕೆ ಕರೆದೊಯ್ದಿದ್ದರಂತೆ. ಬಸ್ಸು ರಿಪ್ಪನ್‌ಪೇಟೆ, ಆಯನೂರುಗಳನ್ನು ದಾಟಿ ಶಿವಮೊಗ್ಗ ಸೇರುವಷ್ಟರಲ್ಲಿ ಎದೆಯ ಓಟ ನಿಂತು ಎಷ್ಟೋ ಹೊತ್ತಾಗಿರುತ್ತಿತ್ತು. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲವೆಂದರು. ಅವರ ಕೈಗೆ ಸಿಕ್ಕ ನಾಡಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಊರಿನಲ್ಲಿ ಕೆಲವರು ಗಾಳಿ ಸೋಂಕೆಂದು ತಾಯತ ಕಟ್ಟಿಸಿದರು. ಬಂದು ಹೋಗುವ ಈ ರೋಗದ ಲಕ್ಷಣವೇ ಅದು. ಹೋಗುವಾಗ ತನ್ನ ಸಾಕ್ಷಿಯನ್ನೂ ಅಳಿಸಿಕೊಂಡು ಹೋಗುತ್ತದೆ. ಮಲೆನಾಡಿನ ದೂರ ಆ ಅಳಿಸುವ ಕೆಲಸಕ್ಕೆ ನೆರವಾಯಿತು. ಈ ರೋಗಕ್ಕೆ ಮದ್ದು ಕಂಡುಹಿಡಿದ ನೂರು ವರ್ಷಗಳ ಚರಿತ್ರೆಯನ್ನು ಓದಿದರೆ, ಅದು ಬಹುಮಟ್ಟಿಗೆ ಈ ಓಡಿಹೋಗುವ ಸಾಕ್ಷಿಯನ್ನು ಹಿಡಿದು ನಿಲ್ಲಿಸಿದ ಚರಿತ್ರೆಯೇ ಆಗಿದೆ.

ನನ್ನ ಚಿತ್ರದಲ್ಲಿ ಬಿಟ್ಟುಹೋದದ್ದು ಹೃದಯದೊಳಗಿನ ವಿದ್ಯುತ್ತಿನ ದಾರಿ. ಮೇಲಿನ ಬಲ ಹೃತ್ಕರ್ಣದಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಸಂಜ್ಞೆಯೊಂದು ಮೇಲಿನ ಕೋಣೆಗಳನ್ನು ಕುಗ್ಗಿಸಿ, ನಡುವಿನ ಒಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಅನಂತರ ಕೆಳಗಿಳಿಯುತ್ತದೆ. ನಮ್ಮ ಅಡಿಕೆ ತೋಟದ ಬಾಯಲ್ಲಿರುವ ದಣಪೆಯಂತೆ ಆ ಗಂಟು. ಬಂದವರು ಅಲ್ಲಿ ನಿಂತು, ಗಳ ಸರಿಸಿಕೊಂಡೇ ಮುಂದೆ ಹೋಗಬೇಕು. ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ರಕ್ತ ಇಳಿಯಲು ಆ ತಡೆಯೇ ಅವಕಾಶ ಕೊಡುತ್ತದೆ. ಈ ದಣಪೆಯನ್ನು 1906ರಲ್ಲಿ ವಿವರಿಸಿದವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೋ ತವಾರಾ. ಸಂಜ್ಞೆ ಹುಟ್ಟುವ ಸ್ಥಳವನ್ನು ಮರುವರ್ಷ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಅವರ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಪ್ರಕಟಿಸಿದರು.

ಈ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ತಂದವರು ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಥೋವನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಇ.ಸಿ.ಜಿ. ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕಾಗಿತ್ತು. ಆಸ್ಪತ್ರೆಯಿದ್ದುದು ಪ್ರಯೋಗಶಾಲೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ. ರೋಗಿಯನ್ನು ಯಂತ್ರದ ಬಳಿಗೆ ತರುವುದು ಕಷ್ಟ, ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವುದು ಅಸಾಧ್ಯ. ಐಂಥೋವನ್ ಟೆಲಿಫೋನ್ ತಂತಿಯ ಮೂಲಕ ಎದೆಯ ಸಂಜ್ಞೆಯನ್ನೇ ಪ್ರಯೋಗಶಾಲೆಗೆ ತರಿಸಿಕೊಂಡರು. ದೂರವೆಂಬುದು ಈ ರೋಗದ ಮೊದಲ ಶತ್ರುವೆಂದು ಆತ ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರೇನೋ ಅನ್ನಿಸುತ್ತದೆ. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪಾಲ್ ವೈಟ್ ಎಂಬ ವೈದ್ಯರ ಬಳಿಗೆ ಮೂವತ್ತೈದರ ಹರೆಯದ ಒಬ್ಬ ರೋಗಿ ಬಂದ. ಆತ ವ್ಯಾಯಾಮದ ಮೇಷ್ಟ್ರು! ಗಟ್ಟಿಮುಟ್ಟಾದ ಮೈ, ಆದರೆ ಆಗಾಗ ಎದೆ ಓಡುತ್ತದೆ. ಅಂಥವರ ಇ.ಸಿ.ಜಿ. ಗೆರೆಯಲ್ಲಿ ಓಟವಿಲ್ಲದ ವೇಳೆಯಲ್ಲಿಯೂ ಒಂದು ವಿಚಿತ್ರ ಗುರುತು ಕಾಣುತ್ತಿತ್ತು. 1930ರಲ್ಲಿ ವುಲ್ಫ್, ಪಾರ್ಕಿನ್‌ಸನ್ ಮತ್ತು ವೈಟ್ ಇಂಥ 11 ಜನರ ವಿವರವನ್ನು ಪ್ರಕಟಿಸಿದರು. ಇಂದಿಗೂ ಆ ಸ್ಥಿತಿಗೆ ಅವರ ಮೂವರ ಹೆಸರೇ ಇದೆ.

ಕಾರಣ ಬಿಡಿಸಿಕೊಳ್ಳಲು ಇನ್ನೂ ಕಾಲ ಹಿಡಿಯಿತು. ಹುಟ್ಟುವಾಗಲೇ ಕೆಲವರ ಹೃದಯದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ದಣಪೆಯನ್ನು ತಪ್ಪಿಸಿ ಹೋಗುವ ಒಂದು ಸಣ್ಣ ಸ್ನಾಯುವಿನ ಎಳೆ ಉಳಿದುಬಿಟ್ಟಿರುತ್ತದೆ. ಹಳ್ಳಕ್ಕೆ ಯಾರೋ ಹಾಕಿದ ಕಳ್ಳಸಂಕವೆನ್ನಿ. ಸಂಜ್ಞೆಯು ಹೆದ್ದಾರಿಯಲ್ಲಿ ಕೆಳಗಿಳಿದು, ಈ ಸಂಕದ ಮೇಲೆ ಮತ್ತೆ ಮೇಲಕ್ಕೆ ಹತ್ತಿ, ಪುನಃ ಕೆಳಗಿಳಿದು ಗಿರಗಿರನೆ ಸುತ್ತತೊಡಗುತ್ತದೆ. ನಿಮಿಷಕ್ಕೆ ಎಪ್ಪತ್ತೆಂಬತ್ತು ಸಲ ಬಡಿಯಬೇಕಾದ ಹೃದಯ ನೂರೈವತ್ತು, ಇನ್ನೂರು ಸಲ ಬಡಿಯುತ್ತದೆ. ಸುತ್ತು ಎಲ್ಲೋ ಒಂದೆಡೆ ತುಂಡಾದರೆ ಓಟ ಥಟ್ಟನೆ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ದಣಪೆಯ ಆಸುಪಾಸಿನಲ್ಲಿಯೇ ಎರಡು ದಾರಿಗಳಿದ್ದು ಇಂಥದೇ ಸುತ್ತು ಏಳುತ್ತದೆ.

ಆ ಸಂಕ ಎಲ್ಲಿದೆಯೆಂದು ತಿಳಿಯಲು ಹೃದಯದೊಳಗೇ ಹೋಗಬೇಕು. ಅದಕ್ಕೆ ದಾರಿ ತೋರಿಸಿದವರು ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ತರುಣ ವೈದ್ಯ ವೆರ್ನರ್ ಫೋರ್ಸ್‌ಮನ್. 1929ರಲ್ಲಿ ಆತ ತನ್ನ ತೋಳಿನ ರಕ್ತನಾಳದೊಳಗೆ ತಾನೇ 65 ಸೆಂಟಿಮೀಟರ್ ಉದ್ದ ಕ್ಯಾತಿಟರ್ ನಳಿಗೆಯನ್ನು ತೂರಿಸಿ, ನಡೆದುಕೊಂಡೇ ಹೋಗಿ ಎಕ್ಸ್-ರೇ ತೆಗೆಸಿಕೊಂಡರು. ನಳಿಗೆಯ ತುದಿ ಹೃದಯವನ್ನು ಮುಟ್ಟಿತ್ತು. ಆಗ ಬೈಗುಳ ಬಂತು. 1956ರಲ್ಲಿ ನೊಬೆಲ್ ಬಂತು.

ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಮುಖ್ಯವೆನಿಸುವುದು 1967ನೆಯ ವರ್ಷ. ಆಮ್‌ಸ್ಟರ್‌ಡ್ಯಾಮಿನ ಡರರ್, ವೆಲೆನ್ಸ್ ಮತ್ತು ಸಂಗಡಿಗರು ವಿದ್ಯುತ್ ತಂತಿಯುಳ್ಳ ಕ್ಯಾತಿಟರನ್ನು ಹೃದಯದೊಳಗಿರಿಸಿ, ಸಮಯ ನೋಡಿ ಒಂದು ಹೆಚ್ಚಿನ ಬಡಿತವನ್ನು ಕೊಟ್ಟು, ಓಟವನ್ನು ತಾವೇ ಆರಂಭಿಸಿ ತಾವೇ ನಿಲ್ಲಿಸಿ ತೋರಿಸಿದರು. ಅಲ್ಲಿಯವರೆಗೆ ವೈದ್ಯರು ರೋಗ ಬರುವುದನ್ನು ಕಾಯಬೇಕಾಗಿತ್ತು. ಇನ್ನು ಮುಂದೆ ರೋಗವನ್ನೇ ಕಟಕಟೆಗೆ ಕರೆದು ನಿಲ್ಲಿಸಬಹುದಾಯಿತು.

ಮರುವರ್ಷ, 1968ರ ಮೇ ತಿಂಗಳಿನಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಿಲ್ ಸೀಲಿ ಎಂಬ ಶಸ್ತ್ರವೈದ್ಯರು ಒಬ್ಬ ಮೀನುಗಾರನ ಎದೆ ತೆರೆದು ಕಳ್ಳಸಂಕವನ್ನು ಕತ್ತರಿಸಿದರು. ಓಟ ನಿಂತಿತು. ಆದರೆ ಕೂದಲೆಳೆಯಂಥ ಸಂಕ ಮುರಿಯಲು ಎದೆಯನ್ನೇ ಸೀಳಬೇಕೆ? ಉತ್ತರಕ್ಕೆ ಸುಳಿವು ಕೊಟ್ಟದ್ದು ಒಂದು ಅವಘಡ. ಫ್ರಾನ್ಸಿನಲ್ಲಿ ರೋಗಿಯೊಬ್ಬನ ಎದೆಗೆ ಹೊರಗಿನಿಂದ ಕೊಟ್ಟ ವಿದ್ಯುದಾಘಾತ ಅಚಾನಕವಾಗಿ ಒಳಗಿದ್ದ ಕ್ಯಾತಿಟರಿನ ಮೂಲಕ ಹರಿದು, ದಣಪೆಯ ದಾರಿಯೇ ಮುಚ್ಚಿಹೋಯಿತು. 1979ರಲ್ಲಿ ಇದು ಪ್ರಕಟವಾಯಿತು. ಕೈತಪ್ಪಿ ಆದದ್ದನ್ನು ಬೇಕೆಂದೇ ಮಾಡಬಹುದಲ್ಲವೆ ಎಂದುಕೊಂಡು 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ ಮನುಷ್ಯರಲ್ಲಿ ಮೊದಲ ಕ್ಯಾತಿಟರ್ ಅಬ್ಲೇಶನ್ ಚಿಕಿತ್ಸೆ ನಡೆಸಿದರು. ಆ ಆಘಾತ ಒರಟಾಗಿತ್ತು, ಅಪಾಯಕಾರಿಯೂ ಆಗಿತ್ತು. ರೋಗಿಗೆ ಪೂರ್ತಿ ಅರಿವಳಿಕೆ ಬೇಕಾಗುತ್ತಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಅದರ ಜಾಗಕ್ಕೆ ರೇಡಿಯೋ ತರಂಗದ ವಿದ್ಯುತ್ ಬಂತು. ಕ್ಯಾತಿಟರಿನ ತುದಿ ತಾಗಿದಲ್ಲಿ ಅಂಗಾಂಶ 50 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಕೆಲವೇ ಮಿಲಿಮೀಟರಿನಷ್ಟು ಜಾಗ ಸತ್ತು, ವಿದ್ಯುತ್ತನ್ನು ಸಾಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. 1991ರಲ್ಲಿ ಒಕ್ಲಹೋಮಾದ ಜ್ಯಾಕ್‌ಮನ್ ತಂಡ 166 ರೋಗಿಗಳಲ್ಲಿ 164 ಜನರ ಕಳ್ಳಸಂಕಗಳನ್ನು ಹೀಗೆ ಮುರಿದುದನ್ನು ವರದಿ ಮಾಡಿತು. ಹುಟ್ಟಿನಿಂದ ಬಂದ ಹೃದಯದೋಷವೊಂದು ತೊಡೆಯ ಬಳಿಯ ಸೂಜಿಯಷ್ಟೇ ಗಾಯದಿಂದ ಗುಣವಾಗುವ ಕಾಲ ಬಂದಿತ್ತು.

ಎಲ್ಲ ಬಗೆಯ ಏರುಪೇರಿಗೂ ಇದು ಇಷ್ಟೇ ಸುಲಭದ ಪರಿಹಾರವೆಂದು ಭಾವಿಸಬಾರದು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಹೃತ್ಕರ್ಣದ ಕಂಪನದಲ್ಲಿ ನಾಡಿ ಯಾವ ತಾಳಕ್ಕೂ ಸಿಗದೆ ಬಡಿಯುತ್ತದೆ. ಆ ಕಂಪನವನ್ನು ಎಬ್ಬಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ರಕ್ತ ತರುವ ಸಿರೆಗಳ ಬಾಯಲ್ಲಿ ಹುಟ್ಟುತ್ತವೆಂದು ಫ್ರಾನ್ಸಿನ ಬೋರ್ಡೋ ನಗರದ ಐಸಾಗೇರ್ ತಂಡ 1998ರಲ್ಲಿ ತೋರಿಸಿತು. ಆ ಸಿರೆಗಳ ಸುತ್ತ ಬೇಲಿ ಹಾಕುವ ಅಬ್ಲೇಶನ್ ಅಲ್ಲಿಂದ ಬೆಳೆಯಿತು. ಆದರೂ ಕೆಲವರಿಗೆ ಅದು ಮರುಕಳಿಸುತ್ತದೆ. ನಮ್ಮಲ್ಲಿ ಬಾಲ್ಯದ ಕೀಲುವಾತಜ್ವರದಿಂದ ಹೃದಯದ ಕವಾಟ ಕೆಟ್ಟು ಬರುವ ಕಂಪನವೂ ಉಂಟು. ಅಲ್ಲಿ ಮೊದಲು ನೋಡಬೇಕಾದದ್ದು ಕವಾಟವನ್ನು ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು.

ಈಗ ನನ್ನ ವಿದ್ಯಾರ್ಥಿನಿಯ ಕಥೆಗೆ ಮರಳುತ್ತೇನೆ. ಮದುವೆಯಾಗಿ ಆಕೆ ತೀರ್ಥಹಳ್ಳಿ ಪೇಟೆ ಸೇರಿದ್ದಳು. 2009ರಲ್ಲಿ ಒಂದು ರಾತ್ರಿ ಎದೆ ಓಡತೊಡಗಿದಾಗ ಮನೆಯವರು ಹತ್ತೇ ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದರು. ಓಟ ಇನ್ನೂ ನಡೆದಿತ್ತು. ಇ.ಸಿ.ಜಿ. ಕಾಗದ ಹೊರಬಂದಾಗ ಬಡಿತ ನಿಮಿಷಕ್ಕೆ 190. ಇಪ್ಪತ್ಮೂರು ವರ್ಷಗಳಲ್ಲಿ ಮೊದಲ ಸಲ ಅವಳ ಮಾತಿಗೆ ಸಾಕ್ಷಿ ಸಿಕ್ಕಿತು. ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ಅಬ್ಲೇಶನ್ ಆಯಿತು. ಮರುದಿನವೇ ಮನೆಗೆ ಕಳಿಸಿದರು. ಅದಾದ ಬಳಿಕ ಒಂದು ದಿನ ಸಾಗರದ ನಮ್ಮ ಮನೆಗೆ ಬಂದು ಆ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟಳು. ತೋರಿಸುವ ಸಡಗರವಷ್ಟೇ ಇತ್ತು, ಆಕ್ಷೇಪದ ಎಳೆಯೂ ಇರಲಿಲ್ಲ. ನಾನೇ ಆ ಡ್ರಿಲ್ ಪೀರಿಯಡ್ಡಿನ ಮಾತೆತ್ತಿ ಕ್ಷಮೆ ಕೇಳಿದೆ.

“ಬಿಡಿ ಸಾರ್, ಆಮೇಲಾಮೇಲೆ ನಂಗೇ ಅನುಮಾನ ಬಂದಿತ್ತು, ನಾನೇ ನಾಟಕ ಮಾಡ್ತಿದೀನೇನೋ ಅಂತ” ಎಂದಳು.

ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ರೋಗಕ್ಕಿಂತ ಹೆಚ್ಚಿನ ಗಾಯವನ್ನು ನಾವು ಮಾಡಿದ್ದೆವು.

ಅಬ್ಲೇಶನ್ನಿಗೆ ನಮ್ಮ ಮೂರು ತಾಲ್ಲೂಕಿನವರು ಈಗಲೂ ಬೆಂಗಳೂರಿನ ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೋ, ಘಾಟಿ ಇಳಿದು ಮಣಿಪಾಲ, ಮಂಗಳೂರುಗಳಿಗೋ ಹೋಗುವುದುಂಟು. ಆದರೆ ಸಾಕ್ಷಿ ಹಿಡಿಯುವ ಕೆಲಸ ಹತ್ತಿರ ಬಂದಿದೆ. 2008ರಿಂದ 108ರ ವಾಹನವಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ಯೋಜನೆಯಿಂದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳು ಬಂದವು, ಅಲ್ಲಿ ತೆಗೆದ ಗೆರೆಯನ್ನು ತಜ್ಞರು ವಾಟ್ಸಾಪಿನಲ್ಲಿ ನೋಡಿ ಸಲಹೆ ಕೊಡುತ್ತಾರೆ. ಐಂಥೋವನ್ನರ ಟೆಲಿಫೋನ್ ತಂತಿ ಕೊನೆಗೂ ಮಲೆನಾಡಿಗೆ ಬಂದು ಮುಟ್ಟಿತು.

ಓದುಗ ಮಿತ್ರರಲ್ಲಿ ಯಾರಿಗಾದರೂ ಎದೆ ಹೀಗೆ ಓಡುವುದಿದ್ದರೆ, ನಿಲ್ಲಲೆಂದು ಮನೆಯಲ್ಲಿ ಕಾಯದೆ, ಓಡುತ್ತಿರುವಾಗಲೇ ಹತ್ತಿರದ ಇ.ಸಿ.ಜಿ. ಇರುವಲ್ಲಿಗೆ ಹೋಗಿರಿ, ಆ ಕಾಗದವನ್ನು ಆಸ್ತಿಪತ್ರದಷ್ಟೇ ಜೋಪಾನವಾಗಿಡಿ. ಕಣ್ಣುಕತ್ತಲೆ, ಎದೆನೋವು, ಉಸಿರುಕಟ್ಟುವುದು ಇದ್ದರಂತೂ ಒಂದು ಕ್ಷಣವೂ ತಡಮಾಡಬೇಡಿ. ಶಾಲೆಯಲ್ಲಿರುವ ನನ್ನ ಕಿರಿಯ ಮೇಷ್ಟ್ರುಗಳಲ್ಲಿ ಮಾತ್ರ ಒಂದು ಬೇರೆ ವಿನಂತಿಯಿದೆ. ಯಾವ ಮಗುವಾದರೂ ಎದೆ ಓಡುತ್ತದೆಂದರೆ ಏನನ್ನೂ ಆಡುವ ಮೊದಲು ಅದರ ಮಣಿಕಟ್ಟು ಹಿಡಿದು, ಗಡಿಯಾರ ನೋಡಿಕೊಂಡು ಎಣಿಸಿರಿ. ಒಂದು ನಿಮಿಷ ಸಾಕು. 1986ರಲ್ಲಿ ನನ್ನ ಕೈಯಲ್ಲಿಯೂ ಒಂದು ಗಡಿಯಾರವಿತ್ತು.