ನಮ್ಮ ಮಾರಿಯೋ ಯಾಕೆ ನಿಧಾನ ಓಡ್ತಿದ್ದ?

ಲಿನಕ್ಸಿನಲ್ಲಿ ಎಮ್ಯುಲೇಟರ್ ಹಾಕಿ ಮಾರಿಯೋ ತೆರೆದ ಗೆಳೆಯರೆಲ್ಲ ಹೇಳೋದು ಒಂದೇ: ‘ಇವನು ಇಷ್ಟು ಜೋರಾಗಿ ಓಡ್ತಿರಲಿಲ್ಲ ಕಣೋ!’ ಅವರ ನೆನಪು ಸುಳ್ಳಲ್ಲ.

1983ರಲ್ಲಿ ನಿಂಟೆಂಡೊ ಫ್ಯಾಮಿಕಾಮ್ ಬಂದ ಜಪಾನಿನಲ್ಲಿ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೀತಿತ್ತು. ಆಟದ ಲೆಕ್ಕವೆಲ್ಲ ಆ ತಾಳಕ್ಕೇ ಕಟ್ಟಿದ್ದು. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಹಿಡಿದದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50.

ತೊಂಬತ್ತರ ದಶಕದಲ್ಲಿ ನಾವು ಆಡಿದ ‘ಟಿವಿ ಗೇಮ್’ ಪೆಟ್ಟಿಗೆಗಳು ಫ್ಯಾಮಿಕಾಮ್‌ನ ನಕಲುಗಳು. ನಕಲು ಅಂತ ಮೂಗು ಮುರೀಬೇಡಿ! ನಿಂಟೆಂಡೊದ್ದೇ ಪಾಲ್ ಯಂತ್ರದಲ್ಲಿ ಪ್ರೊಸೆಸರ್ 1.66 ಮೆಗಾಹರ್ಟ್ಸ್‌ಗೆ ಇಳಿದು, ಜಪಾನಿನ ಆಟದ ಹಾಡಿನ ಶ್ರುತಿಯೇ ತಗ್ಗುತ್ತಿತ್ತು. ತೈವಾನಿನ ಯುಎಂಸಿ ಚಿಪ್‌ಗಳು 1.77ರಲ್ಲಿ ನಿಂತವು, ಮೂಲದ್ದು 1.79. ಪಾಲ್ ಚಿತ್ರಕ್ಕೆ ಬೇಕಾದ ಹೆಚ್ಚಿನ 50 ಗೆರೆಗಳ ಹೊತ್ತನ್ನು ಸುಮ್ಮನೆ ಕಳೆದು, ಆಮೇಲೆ ಆಟಕ್ಕೆ ‘ಈಗ ನಿನ್ನ ಸರದಿ’ ಅನ್ನೋವು. ಹಾಗಾಗಿ ಜಪಾನಿನ ಆಟಗಳು ಬಹುಪಾಲು ತಿದ್ದದೆಯೇ ನಡೆದವು. ಶ್ರುತಿ ಹೆಚ್ಚುಕಮ್ಮಿ ಅದೇ, ಲಯ ಮಾತ್ರ ಆರನೇ ಒಂದು ಭಾಗ ನಿಧಾನ. ಎಂಥಾ ಎಂಜಿನಿಯರಿಂಗ್!

ಸಾವನೇರ್‌ನ ನಮ್ಮ ಮನೆಯ ಪೆಟ್ಟಿಗೆಯನ್ನು ಈ ರಜೆಯಲ್ಲಿ ಬಿಚ್ಚಿದೆ. ಒಳಗೆ ಅದೇ ಯುಎ6527ಪಿ, ಯುಎ6538.

ಇದೇ ಬಗೆಯ ಪೆಟ್ಟಿಗೆ ರಷ್ಯಾದಲ್ಲಿ 1992ರಿಂದ ‘ಡೆಂಡಿ’ ಅಂತ ಮಾರಾಟವಾಯ್ತು. ಎಮ್ಯುಲೇಟರ್‌ಗಳಲ್ಲಿ ಉಳಿದಿರೋದು ಆ ಹೆಸರೇ. ಎಫ್‌ಸಿಇಯುಎಕ್ಸ್‌ನಲ್ಲಿ ರೀಜನ್ ಅನ್ನು ಡೆಂಡಿಗೆ ಇಟ್ಟು, ಮಾನಿಟರ್ ಒಪ್ಪಿದರೆ 50 ಹರ್ಟ್ಸ್‌ಗೆ ಇಳಿಸಿ: ನಿಮ್ಮ ಬಾಲ್ಯದ ಮಾರಿಯೋ ಸಿಗ್ತಾನೆ. ಆದರೆ ಆ ಮೆನುವಿನಲ್ಲಿ ನಮ್ಮ ದೇಶದ ಹೆಸರಿನ ಸಾಲೊಂದು ಇಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಗುಜರಿಗೆ ಹೋಗೋ ಮುಂಚೆ, ದಯವಿಟ್ಟು ಬಿಚ್ಚಿ ಚಿಪ್ ನಂಬರಿನ ಫೋಟೊ ತೆಗೆದಿಡಿ.