ಶಾಲೆ ಗೇಟಿನಿಂದ 50 ಮೀಟರ್: ಮಕ್ಕಳ ತಿಂಡಿಯ ಕಾನೂನು ಏನು ಹೇಳುತ್ತೆ, ಎಲ್ಲಿ ಸೋಲುತ್ತೆ?

50 ಮೀಟರ್ ಅಂದ್ರೆ ಸುಮಾರು 70 ಹೆಜ್ಜೆ. ಶಾಲೆಯ ಗೇಟಿನಿಂದ ಅಷ್ಟು ದೂರದೊಳಗೆ ಮಕ್ಕಳಿಗೆ ಎಂಥ ತಿಂಡಿ ಮಾರಬಾರದು ಅಂತ ಹೇಳುವ ಕಾನೂನು 2021ರ ಜುಲೈ 1ರಿಂದ ಇಡೀ ದೇಶದಲ್ಲಿ ಜಾರಿಯಲ್ಲಿದೆ. ಆದರೂ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ನೋಡಿ. ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್‌ಗಳ ಸರ ಅಂಗಡಿಯ ಬಾಗಿಲಲ್ಲೇ ನೇತಾಡ್ತಿರುತ್ತೆ.

ಈ ಕಾನೂನು ಬಂದಿದ್ದು ಹೇಗೆ?

2010ರಲ್ಲಿ ಉದಯ್ ಫೌಂಡೇಶನ್ ಎಂಬ ಸಂಸ್ಥೆ ದೆಹಲಿ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಶಾಲೆಗಳಲ್ಲಿ ಮತ್ತು ಸುತ್ತಮುತ್ತ ಜಂಕ್ ಫುಡ್ ಮಾರಾಟಕ್ಕೆ ತಡೆ ಬೇಕು ಎಂಬುದು ಬೇಡಿಕೆ. 2015ರಲ್ಲಿ ಕೋರ್ಟ್ ಕ್ರಮಕ್ಕೆ ಸೂಚಿಸಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ನಿಯಮಾವಳಿ ಹೊರಡಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಂದ್ರೆ ಅರ್ಜಿಯಿಂದ ಅಧಿಸೂಚನೆಗೆ ಹತ್ತು ವರ್ಷ.

ಏನು ಹೇಳುತ್ತೆ?

- ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಸೇರಿಸಿದ ಸಕ್ಕರೆ ಅಥವಾ ಸೋಡಿಯಂ ಹೆಚ್ಚಿರುವ ಆಹಾರವನ್ನು ಶಾಲೆಯ ಕ್ಯಾಂಟೀನ್, ಮೆಸ್, ಹಾಸ್ಟೆಲ್ ಅಡುಗೆಮನೆಯಲ್ಲಿ ಮಾರುವಂತಿಲ್ಲ. ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೂ ಮಾರುವಂತಿಲ್ಲ.
- ಇಂಥ ಆಹಾರದ ಜಾಹೀರಾತು, ಉಚಿತ ಹಂಚಿಕೆ ಕೂಡ ಈ ವ್ಯಾಪ್ತಿಯಲ್ಲಿ ನಿಷಿದ್ಧ.
- ಈ ಎಚ್ಚರಿಕೆಯ ಬೋರ್ಡನ್ನು ಶಾಲೆಯವರೇ ಗೇಟಿನಲ್ಲಿ ಹಾಕಬೇಕು.
- ಊಟ, ತಿಂಡಿ ಕೊಡುವ ಶಾಲೆ ಮತ್ತು ಗುತ್ತಿಗೆದಾರರು ಆಹಾರ ಸುರಕ್ಷತಾ ನೋಂದಣಿ ಅಥವಾ ಲೈಸೆನ್ಸ್ ಪಡೆದಿರಬೇಕು.

ಕೊಬ್ಬಿನ ಲೆಕ್ಕ ಏನು?

ಕೊಬ್ಬು ವಿಷವಲ್ಲ, ಬೆಳೆಯುವ ಮಕ್ಕಳಿಗೆ ಅದು ಬೇಕು. ಯಾವ ಕೊಬ್ಬು, ಎಷ್ಟು, ಯಾವುದರ ಬದಲಿಗೆ ಎಂಬುದು ಮುಖ್ಯ. 100 ಗ್ರಾಂ ಆಲೂ ಚಿಪ್ಸ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬೇ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರೋದ್ರಿಂದ, ಚಿಪ್ಸ್‌ನ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರೋದು ಎಣ್ಣೆಯಿಂದ. ಹೊಟ್ಟೆ ತುಂಬುತ್ತೆ, ಪ್ರೋಟೀನ್, ಕಬ್ಬಿಣಾಂಶ ಮಾತ್ರ ಹೆಚ್ಚೇನೂ ಸಿಗಲ್ಲ. ಹಾಗಾಗಿ ಇದು ಬರೀ 'ದಪ್ಪಗಿರೋ ಮಕ್ಕಳ' ಸಮಸ್ಯೆಯಲ್ಲ, ಅಪೌಷ್ಟಿಕತೆಯ ಸಮಸ್ಯೆ ಕೂಡ. 5ರಿಂದ 19 ವರ್ಷದವರಲ್ಲಿ ಬೊಜ್ಜಿನ ಪ್ರಮಾಣ (9.4%) ಜಾಗತಿಕವಾಗಿ ಕಡಿಮೆ ತೂಕದ ಪ್ರಮಾಣವನ್ನು (9.2%) ಮೊದಲ ಬಾರಿಗೆ ಮೀರಿದೆ ಎಂದು ಯುನಿಸೆಫ್ 2025ರಲ್ಲಿ ಹೇಳಿತು.

ಹಾಗಾದ್ರೆ ಎಲ್ಲಿ ಸೋಲುತ್ತೆ?

ಮೊದಲನೆಯದು, ವ್ಯಾಖ್ಯಾನ. 'ಹೆಚ್ಚು' ಅಂದ್ರೆ ಎಷ್ಟು ಗ್ರಾಂ ಅಂತ ನಿಯಮಾವಳಿ ಸ್ಪಷ್ಟವಾಗಿ ಹೇಳಲಿಲ್ಲ. ಅಳತೆಯೇ ಇಲ್ಲದ ಮೇಲೆ ಅಧಿಕಾರಿ ಯಾವ ಪ್ಯಾಕೆಟ್ ಹಿಡಿಯಬೇಕು? ಪ್ಯಾಕೆಟ್ ಮುಂಭಾಗದಲ್ಲೇ ಎಚ್ಚರಿಕೆ ಇರಲಿ ಎಂಬ ಬೇಡಿಕೆಯೂ ವರ್ಷಗಳಿಂದ ಎಳೆದಾಡ್ತಿದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಡಬೇಕಾಯ್ತು.

ಎರಡನೆಯದು, ಬೆಲೆ. 2025ರ ಜನವರಿಯಲ್ಲಿ ಬಂದ ಕೇಂದ್ರದ ಆರ್ಥಿಕ ಸಮೀಕ್ಷೆ, ಅತಿಯಾಗಿ ಸಂಸ್ಕರಿಸಿದ ಆಹಾರಕ್ಕೆ ಹೆಚ್ಚು ತೆರಿಗೆ ಹಾಕುವುದನ್ನು ಪರಿಗಣಿಸಬಹುದು ಎಂದಿತ್ತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ನೂಡಲ್ಸ್, ನಮ್ಕೀನ್‌ಗಳ ಜಿಎಸ್‌ಟಿ 5%ಗೆ ಇಳಿಯಿತು. ಒಂದು ಕೈ ಎಚ್ಚರಿಸುತ್ತೆ, ಇನ್ನೊಂದು ಕೈ ಅಗ್ಗ ಮಾಡುತ್ತೆ.

ಮೂರನೆಯದು, ಕಾನೂನಿನ ಭಾರ ಯಾರ ಮೇಲೆ ಬೀಳುತ್ತೆ ಅನ್ನೋದು. 50 ಮೀಟರ್ ನಿಯಮದಲ್ಲಿ ಸುಲಭವಾಗಿ ಸಿಕ್ಕಿಬೀಳೋದು ಬಜ್ಜಿ ಗಾಡಿಯ ಅಕ್ಕ. ಚಿಪ್ಸ್ ಕಂಪನಿಯ ಜಾಹೀರಾತು ಕ್ರಿಕೆಟ್ ಪಂದ್ಯದ ನಡುವೆ, ಮೊಬೈಲ್ ಪರದೆಯಲ್ಲಿ ಮನೆಯೊಳಗೇ ಬರುತ್ತೆ. ಗಾಡಿ ಎತ್ತಂಗಡಿ ಮಾಡಿ ಜಾಹೀರಾತನ್ನು ಬಿಟ್ಟರೆ ಅದು ಆರೋಗ್ಯ ನೀತಿಯಲ್ಲ, ಬಡವರ ಮೇಲಿನ ದಬ್ಬಾಳಿಕೆ ಅಷ್ಟೆ. ಅದೇ ಅಕ್ಕ ಬೇಯಿಸಿದ ಕಡಲೆಕಾಯಿ, ಜೋಳ, ಹಣ್ಣು ಮಾರಲು ಜಾಗ ಮತ್ತು ನೆರವು ಕೊಡುವುದು ಸರಿಯಾದ ದಾರಿ.

ಕರ್ನಾಟಕದಲ್ಲಿ?

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯ ಕೃತಕ ಬಣ್ಣಕ್ಕೆ ರಾಜ್ಯ ಸರ್ಕಾರ ನಿಷೇಧ ಹಾಕಿತು. ಬಣ್ಣ ಕಣ್ಣಿಗೆ ಕಾಣುತ್ತೆ, ಲ್ಯಾಬ್‌ನಲ್ಲಿ ಸಿಕ್ಕಿಬೀಳುತ್ತೆ. ಕೊಬ್ಬಿನ ವಿಷಯದಲ್ಲಿ ಅಂಥ ಚುರುಕು ಕಾಣ್ತಿಲ್ಲ. ಆದರೆ ಅದೇ ವರ್ಷ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಶುರುವಾಯ್ತು. ಒಳ್ಳೆಯ ಊಟ ಹೊಟ್ಟೆಗೆ ಬಿದ್ದರೆ ಗೇಟಿನ ಹೊರಗಿನ ಪ್ಯಾಕೆಟ್‌ನ ಸೆಳೆತ ತಾನಾಗೇ ಕಡಿಮೆಯಾಗುತ್ತೆ. ನಿಷೇಧದಷ್ಟೇ ಇದೂ ಮುಖ್ಯ.

ನೀವೇನು ಮಾಡಬಹುದು?

ಹತ್ತಿರದ ಶಾಲೆಯ ಗೇಟಿನಲ್ಲಿ ಆ ಬೋರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ, ಪಂಚಾಯ್ತಿ ಅಥವಾ ವಾರ್ಡ್ ಸಭೆಯಲ್ಲಿ ಕೇಳಿ. ಕ್ಯಾಂಟೀನ್ ಮೆನು ಮತ್ತು ಲೈಸೆನ್ಸ್ ತೋರಿಸಿ ಅನ್ನಿ. ಕೇಳೋರು ಇದ್ದರಷ್ಟೇ ಆ 70 ಹೆಜ್ಜೆಗಳ ಕಾನೂನಿಗೆ ಜೀವ ಬರೋದು.