ಕರ್ನಾಟಕದಲ್ಲಿ ಫಿಲ್ಮ್ ಕ್ಯಾಮೆರಾ

ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳನ್ನು ಲೇಪಿಸಿದ ಫಲಕ ಅಥವಾ ಸುರುಳಿಯ ಮೇಲೆ ಚಿತ್ರ ಮೂಡಿಸುವ ಕ್ಯಾಮೆರಾ ಕರ್ನಾಟಕದ ಸ್ಟುಡಿಯೊ, ಪತ್ರಿಕಾಲಯ, ಮದುವೆ ಮನೆ ಮತ್ತು ಕಾಡುಗಳಲ್ಲಿ ಬಳಕೆಯಾದ ಇತಿಹಾಸವಿದು. ಯಾವ ಕ್ಯಾಮೆರಾ ಮೇಲು, ಯಾವ ಲೆನ್ಸ್ ಮೇಲು ಎಂಬ ಚರ್ಚೆ ಹವ್ಯಾಸಿಗಳಲ್ಲಿ ಇಂದಿಗೂ ಮುಗಿದಿಲ್ಲ. ಆದರೆ ಇಲ್ಲಿನ ಬಳಕೆದಾರರ ಆಯ್ಕೆಯನ್ನು ಬಹುಕಾಲ ನಿರ್ಧರಿಸಿದ್ದು ಆಮದು ನೀತಿ, ಕೈಗೆ ಸಿಗುತ್ತಿದ್ದ ಫಿಲ್ಮು ಮತ್ತು ಮಾಡಬೇಕಿದ್ದ ಕೆಲಸ.

ಆರಂಭದ ಚಿತ್ರಗಳು ಶಿಲ್ಪಗಳದ್ದು. ಮದರಾಸು ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ 1854ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಚಿತ್ರಗಳು 1866ರಲ್ಲಿ ಪುಸ್ತಕವಾಗಿ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಊರೂರಿಗೆ ಸ್ಟುಡಿಯೊಗಳು ಬಂದಾಗ ಅವುಗಳ ನಡುವೆ ನಿಂತದ್ದು ಮರದ ದೊಡ್ಡ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ ತೇಗದ ವಾಗೀಶ್ವರಿ ಕ್ಯಾಮೆರಾ ದೇಶದ ಅನೇಕ ಸ್ಟುಡಿಯೊಗಳಿಗೆ ಹೋಯಿತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಮಸಕು ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಮುಖವನ್ನು ಹೊಂದಿಸಿಕೊಂಡು, ‘ಅಲ್ಲಾಡಬೇಡಿ’ ಎಂದು ಹೇಳಿ ಚಿತ್ರ ತೆಗೆಯುತ್ತಿದ್ದ ಕಾಲ ಅದು. ನೆಗೆಟಿವ್ ದೊಡ್ಡದಾಗಿದ್ದರಿಂದ ಮುಖದ ಕಲೆಗಳನ್ನು ಅದರ ಮೇಲೆಯೇ ಪೆನ್ಸಿಲಿನಲ್ಲಿ ತಿದ್ದಬಹುದಿತ್ತು. ಹಳೆಯ ಆರ್ಥೊಕ್ರೊಮ್ಯಾಟಿಕ್ ಲೇಪ ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ. ಮನೆಯ ಗೋಡೆಯ ಮೇಲಿನ ಹಳೆಯ ಪಟಗಳಲ್ಲಿ ಅಜ್ಜಿಯರ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಕಾಣುವುದು ಸಾಮಾನ್ಯವಾಗಿ ಈ ಕಾರಣಕ್ಕೆ.

ಜರ್ಮನಿಯಲ್ಲಿ 1925ರಲ್ಲಿ ಲೈಕಾ, 1929ರಲ್ಲಿ ರೋಲಿಫ್ಲೆಕ್ಸ್ ಮಾರುಕಟ್ಟೆಗೆ ಬಂದು ಮುಂದಿನ ಎರಡು ದಾರಿಗಳನ್ನು ತೆರೆದವು. ಲೈಕಾದ 35 ಮಿ.ಮೀ. ಸುರುಳಿಯಲ್ಲಿ 36 ಚಿತ್ರ. ರೋಲಿಫ್ಲೆಕ್ಸಿನ 120 ರೋಲಿನಲ್ಲಿ ಬರೀ 12, ಆದರೆ ಪ್ರತಿಯೊಂದರ ವಿಸ್ತೀರ್ಣ ಸುಮಾರು ಮೂರೂವರೆ ಪಟ್ಟು. ಪತ್ರಿಕೆಯವರಿಗೆ ವೇಗ ಬೇಕಿತ್ತು, ಸ್ಟುಡಿಯೊದವರಿಗೆ ತಿದ್ದಲು ಜಾಗ ಬೇಕಿತ್ತು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣಕ್ಕೆ ರಾಷ್ಟ್ರಮಟ್ಟದಲ್ಲಿ ಗೌರವ ತಂದವರು. 1977ರಲ್ಲಿ ಪದ್ಮಶ್ರೀ ಪಡೆದರು.

ಮನೆಮನೆಯ ಕ್ಯಾಮೆರಾ ಎಂದರೆ ವಡೋದರದಲ್ಲಿ ತಯಾರಾದ ಆಗ್ಫಾ ಕ್ಲಿಕ್-3. ಇದರಲ್ಲಿ ಫೋಕಸ್ ಮಾಡುವ ಕೆಲಸವಿಲ್ಲ. ಸುಮಾರು ಹತ್ತಡಿ ದೂರದಲ್ಲಿ ನಿಂತರೆ ಸಾಕು. ಬಿಸಿಲು, ಮೋಡ ಎಂದು ಎರಡು ಗುರುತು, ಜೊತೆಗೆ ಆಕಾಶವನ್ನು ತುಸು ಗಾಢಗೊಳಿಸಿ ಮೋಡ ಎದ್ದು ಕಾಣಿಸುವ ಹಳದಿ ಫಿಲ್ಟರ್. ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಬರುವವರೆಗೆ ರೋಲನ್ನು ತಿರುಗಿಸಬೇಕು. ಮರೆತರೆ ಒಂದರ ಮೇಲೊಂದು ಚಿತ್ರ. ಲೆನ್ಸ್ ತೀರಾ ಸಾಧಾರಣ, ಅಂಚುಗಳು ಮಸುಕು. ಆದರೂ ಒಂದು ತಲೆಮಾರಿನ ಶಾಲಾ ಪ್ರವಾಸ, ನಾಮಕರಣ, ಹೊಸ ಸೈಕಲ್ ಇವೆಲ್ಲ ಉಳಿದಿರುವುದು ಇಂಥ ಕ್ಯಾಮೆರಾಗಳಿಂದ.

ಫಿಲ್ಮಿನ ವಿಷಯದಲ್ಲಿ ನೆರೆಯ ನೀಲಗಿರಿಯ ಪಾತ್ರ ದೊಡ್ಡದು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್, ಫ್ರಾನ್ಸಿನ ಬೋಶೆ ಕಂಪನಿಯ ತಂತ್ರಜ್ಞಾನದೊಂದಿಗೆ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಫಿಲ್ಮು ಮತ್ತು ಕಾಗದ ಮಾರಿತು. ಧೂಳಿಲ್ಲದ ತಂಪು ಹವೆ ಲೇಪನದ ಕೆಲಸಕ್ಕೆ ಅನುಕೂಲವಾಗಿತ್ತು. ರೂಪಾಯಿ ವ್ಯಾಪಾರದ ಒಪ್ಪಂದಗಳಿಂದ ಪೂರ್ವ ಜರ್ಮನಿಯ ಓರ್ವೊ ಫಿಲ್ಮು ಬಂತು. ಸಿನಿಮಾ ಚಿತ್ರೀಕರಣದಲ್ಲಿ ಉಳಿದ ತುಂಡು ಫಿಲ್ಮನ್ನು ಕತ್ತಲಕೋಣೆಯಲ್ಲಿ ಕತ್ತರಿಸಿ ಖಾಲಿ ಕ್ಯಾಸೆಟ್ಟಿಗೆ ಸುತ್ತಿಕೊಳ್ಳುವುದೂ ನಡೆದಿತ್ತು. ಇಲ್ಫೋರ್ಡ್ ಎಚ್‌ಪಿ5, ಕೊಡಾಕ್ ಟ್ರೈ-ಎಕ್ಸ್ ಸಿಕ್ಕರೆ ಅದೃಷ್ಟ.

ಫಿಲ್ಮಿನ ವೇಗ ಎಂದರೇನು ಎಂಬುದಕ್ಕೆ ತುಮಕೂರು–ಕುಣಿಗಲ್ ರಸ್ತೆಯ ಗೂಳೂರು ಒಳ್ಳೆಯ ಉದಾಹರಣೆ. ಇಲ್ಲಿನ ಮಣ್ಣಿನ ಮಹಾಗಣಪತಿ ಬಲಿಪಾಡ್ಯಮಿಯಂದು ಪ್ರತಿಷ್ಠಾಪನೆಗೊಂಡು ಕಾರ್ತಿಕ ಮಾಸವಿಡೀ ಪೂಜೆ ಪಡೆದು ಬಳಿಕ ಕೆರೆಯಲ್ಲಿ ವಿಸರ್ಜನೆಯಾಗುತ್ತದೆ. ಸೂರಿನಡಿಯ ಬಲ್ಬಿನ ಬೆಳಕಿನಲ್ಲಿ 100 ವೇಗದ ಫಿಲ್ಮು 1/15 ಸೆಕೆಂಡು ಕೇಳುವ ಕಡೆ 400 ವೇಗದ್ದಕ್ಕೆ 1/60 ಸಾಕು. ಮೊದಲನೆಯದಕ್ಕೆ ಟ್ರೈಪಾಡ್ ಬೇಕು, ಎರಡನೆಯದನ್ನು ಕೈಯಲ್ಲೇ ಹಿಡಿದು ತೆಗೆಯಬಹುದು; ಬೆಲೆಯಾಗಿ ಕಣ ದಪ್ಪವಾಗುತ್ತದೆ. ಹಗಲು ಬೆಳಕಿನ ಕಲರ್ ಫಿಲ್ಮು ಹಾಕಿದರೆ ಬಲ್ಬಿನ ಹಳದಿ ಇಡೀ ಮೂರ್ತಿಗೆ ಹತ್ತುತ್ತದೆ. ನೇರ ಫ್ಲ್ಯಾಷ್ ಹೊಡೆದರೆ ಸೊಂಡಿಲಿನ ತಿರುವುಗಳೇ ಚಪ್ಪಟೆ. ಅದೇ ಶಿವರಾತ್ರಿಯ ಸಿದ್ಧಗಂಗಾ ದನಗಳ ಜಾತ್ರೆಯ ಬಿಸಿಲಿಗೆ 100ರ ಫಿಲ್ಮು, ಲೆನ್ಸಿನ ತೆರಪು ಎಫ್/16, ಶಟರ್ 1/125 ಎಂಬ ಹಳೆಯ ಲೆಕ್ಕ ಮೀಟರ್ ಇಲ್ಲದೆಯೂ ನಡೆಯುತ್ತದೆ.

ಮದುವೆ ಫೋಟೊಗ್ರಾಫರರ ನೆಚ್ಚಿನ ಕ್ಯಾಮೆರಾ ಜಪಾನಿನ ಅವಳಿ ಲೆನ್ಸಿನ ಯಾಶಿಕಾ. ಯಾಶಿಕಾ-ಡಿ ಮಾದರಿಯ ಯಾಶಿಕೋರ್ ಮೂರು ಗಾಜಿನದು. 1970ರಲ್ಲಿ ಬಂದ ಮ್ಯಾಟ್-124ಜಿಯ ಯಾಶಿನಾನ್, 1902ರ ಝೈಸ್ ಟೆಸ್ಸಾರ್ ವಿನ್ಯಾಸದ ನಾಲ್ಕು ಗಾಜಿನದು, ಅಂಚಿನವರೆಗೂ ಹೆಚ್ಚು ಸ್ಪಷ್ಟ. ಆದರೆ ಇದರ ನಿಜವಾದ ಬಲ ಲೆನ್ಸಿನೊಳಗಿನ ಎಲೆ ಶಟರ್. ಚಪ್ಪರದ ನೆರಳಲ್ಲಿ ವಧೂವರರು, ಹಿಂದೆ ಕಣ್ಣು ಕುಕ್ಕುವ ಬಿಸಿಲು: ಇಲ್ಲಿ ಫ್ಲ್ಯಾಷ್ ಬೇಕೇ ಬೇಕು. ಏಕ ಲೆನ್ಸಿನ ಎಸ್‌ಎಲ್‌ಆರ್ ಕ್ಯಾಮೆರಾ ಪೆಂಟಾಕ್ಸ್ ಕೆ1000ದ (1976) ಬಟ್ಟೆ ಶಟರ್ ಫ್ಲ್ಯಾಷಿನೊಂದಿಗೆ 1/60ಕ್ಕಿಂತ ವೇಗವಾಗಿ ಹೊಂದಿಕೊಳ್ಳದು. ಹಾಗಾಗಿ ತೆರಪನ್ನು ಎಫ್/22ಕ್ಕೆ ಇಳಿಸಬೇಕು, ಫ್ಲ್ಯಾಷ್ ಹತ್ತಿರದವರಿಗಷ್ಟೇ ಮುಟ್ಟುತ್ತದೆ. ನಿಕಾನ್ ಎಫ್‌ಎಂ2 1984ರಿಂದ 1/250ರವರೆಗೆ ಹೊಂದಿಕೊಂಡಿತು. ಯಾಶಿಕಾ ತನ್ನ ಗರಿಷ್ಠ 1/500ರಲ್ಲೂ ಹೊಂದುತ್ತದೆ, ಎಫ್/8 ಸಾಕಾಗುತ್ತದೆ. ಹಗಲಿನ ಮುಹೂರ್ತಕ್ಕೆ ಅಗ್ಗದ ಈ ಪೆಟ್ಟಿಗೆ ದುಬಾರಿ ಎಸ್‌ಎಲ್‌ಆರ್‌ಗಳನ್ನು ಮೀರಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಹಕ್ಕಿ, ಪ್ರಾಣಿಗಳ ಮುಂದೆ ಯಾಶಿಕಾ ಆಟ ನಡೆಯದು. ಅದರ ಲೆನ್ಸ್ ಬದಲಿಸಲಾಗದು. ಸಿರಾ ತಾಲ್ಲೂಕಿನ ಕಗ್ಗಲಡುವಿನ ಬಣ್ಣದ ಕೊಕ್ಕರೆಗೂ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಕ್ಕೂ 300–400 ಮಿ.ಮೀ. ಲೆನ್ಸ್ ತೊಡಿಸಬಲ್ಲ ಎಸ್‌ಎಲ್‌ಆರ್ ಬೇಕು. ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕದ ಹೆಸರು ದೊಡ್ಡದು: ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹವ್ಯಾಸಿಗಳನ್ನು ಒಟ್ಟುಗೂಡಿಸಿತು. ಸ್ಪರ್ಧೆಗಳಿಗೆ ಸ್ಲೈಡ್ ಫಿಲ್ಮು ಪ್ರಿಯವಾಗಿತ್ತು. ಅದರ ಬಣ್ಣ ಸೊಗಸು, ಆದರೆ ಬೆಳಕಿನ ಲೆಕ್ಕ ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ. ನೆಗೆಟಿವ್ ಫಿಲ್ಮಿನಂತೆ ಪ್ರಿಂಟು ಹಾಕುವಾಗ ಸರಿಪಡಿಸಲಾಗದು.

1991ರ ಬಳಿಕ ಆಮದು ಸಡಿಲವಾಗಿ ಜಿಲ್ಲಾ ಕೇಂದ್ರಗಳಲ್ಲೂ ಕಲರ್ ಲ್ಯಾಬುಗಳು ತೆರೆದವು. ಫಿಲ್ಮ್ ತೊಳೆಯುವ ಕೆಲಸ ಸ್ಟುಡಿಯೊದ ಹಿಂಬದಿಯ ಕೋಣೆಯಿಂದ ಯಂತ್ರಕ್ಕೆ ಹೋಯಿತು. ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಡಿಜಿಟಲ್ ಬಂತು, ಕೊಡಾಕ್ 2009ರಲ್ಲಿ ಕೊಡಾಕ್ರೋಮ್ ಸ್ಲೈಡ್ ಫಿಲ್ಮನ್ನು ನಿಲ್ಲಿಸಿತು, ಊಟಿಯ ಕಾರ್ಖಾನೆಯೂ ಮುಚ್ಚಿತು.

ಇಲ್ಫೋರ್ಡ್, ಕೊಡಾಕ್ ಫಿಲ್ಮುಗಳು ಇಂದಿಗೂ ತಯಾರಾಗುತ್ತಿವೆ, 120 ರೋಲು ಕೂಡ. ಹಳೆಯ ಕ್ಯಾಮೆರಾ ಕೊಳ್ಳುವವರು ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ನೋಡಬೇಕು, ಒಂದು ಸೆಕೆಂಡಿನ ಶಟರ್ ಅರ್ಧದಲ್ಲಿ ನಿಲ್ಲುತ್ತದೆಯೇ ಕೇಳಿಸಿಕೊಳ್ಳಬೇಕು. ಮ್ಯಾಟ್-124ಜಿಯ ಮೀಟರ್ ಸತ್ತಿದ್ದರೆ ಚಿಂತೆಯಿಲ್ಲ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿಯ ಮಾರಾಟವೇ ನಿಂತಿದೆ, ಶಟರಿಗೆ ಬ್ಯಾಟರಿ ಬೇಕಿಲ್ಲ.